ಹಿಂದಿನ ಸೀಟಿನ ಕೆಳಗಿನ ಸ್ವಿಚ್ಚು

ತೀರ್ಥರೂಪ ಅಪ್ಪನವರಿಗೆ,

ಇದರ ಮುಂದೆ ‘ನಿಮ್ಮ ಮಗಳು ನಾಗವೇಣಿ ಮಾಡುವ ನಮಸ್ಕಾರಗಳು’ ಎಂದು ಬರೆಯಬೇಕು. ಗಂಡನ ಊರು ಮನೂರಿನಿಂದ ನಿಮಗೆ ಬರೆದ ಪ್ರತಿ ಕಾಗದದಲ್ಲೂ ಹಾಗೇ ಬರೆದಿದ್ದೇನೆ. ಇವತ್ತು ಕೈ ಬರುತ್ತಿಲ್ಲ, ಬಿಡಿ. ನಿಮ್ಮ ವರ್ಷಾಂತಿಕಕ್ಕೆಂದು ಜಹೀರಾಬಾದಿನ ತವರಿಗೆ ಬಂದವಳು ನಾನು. ನಿನ್ನೆ ನಿಮ್ಮ ಹೆಸರಿಗೆ ಎಡೆ ಇಟ್ಟೆ, ಇವತ್ತು ನಿಮ್ಮದೇ ಕುರ್ಚಿಯಲ್ಲಿ ಕೂತು ನಿಮ್ಮ ಮೇಲಿನ ಸಿಟ್ಟಿನಲ್ಲೇ ಇದನ್ನು ಬರೆಯುತ್ತಿದ್ದೇನೆ. ನೀವಿದ್ದಿದ್ದರೆ ಎದುರಿಗೆ ನಿಂತು ಕೇಳುತ್ತಿದ್ದೆ. ಇಲ್ಲದ ಮನುಷ್ಯನ ಜತೆ ಜಗಳ ಮಾಡುವುದು ಎಷ್ಟು ಕಷ್ಟ ಅಂತ ನಿಮಗೇನು ಗೊತ್ತು?

ಆ ಕರಿ ಕಾರು ನಮ್ಮ ಓಣಿಗೆ ಬಂದ ದಿನ ನೆನಪಿದೆಯೇ? ಬೀದರ್ ಜಿಲ್ಲೆ ಒಡೆದು ನಮ್ಮ ಊರು ಆಂಧ್ರದ ಪಾಲಾದ ಮೇಲೆ, ನೀವು ಗುಮಾಸ್ತರಾಗಿದ್ದ ಹತ್ತಿ ಮಿಲ್ಲಿನ ಮಾಲಕರು ಹೈದರಾಬಾದಿಗೆ ಹೊರಟರು. ಹೋಗುವಾಗ ತಮ್ಮ ಹಳೆಯ ವಿಲಾಯಿತಿ ಕಾರನ್ನು ನಿಮಗೆ ಬಿಟ್ಟುಹೋದರು. ಹಿಂದುಮುಂದಾಗಿ ತೆರೆಯುವ ಬಾಗಿಲು, ತಿರುಗುವಾಗ ಬದಿಯಿಂದ ಚಾಚಿಕೊಳ್ಳುವ ಪುಟ್ಟ ಕೆಂಪು ಕೈ. ಜನ ಅದನ್ನು ಮುಟ್ಟಿ ನೋಡಲು ಬರುತ್ತಿದ್ದರು. ನೀವೋ, ಪೆಟ್ರೋಲು ಹಾಕಿಸಲು ಒದ್ದಾಡುತ್ತಲೇ ರವಿವಾರ ಬಂತೆಂದರೆ ಅದನ್ನು ಒರೆಸುತ್ತಾ ಕೂರುತ್ತಿದ್ದಿರಿ. ಅವ್ವ ಅದನ್ನು ಸವತಿ ಎಂದೇ ಕರೆಯುತ್ತಿದ್ದಳು.

ಬಜಾರಿನಲ್ಲಿ ನಿಂತಿದ್ದ ಯಾರದೋ ಜೀಪು ಹಾಡಹಗಲೇ ಮಾಯವಾದಾಗ ನಿಮ್ಮ ನಿದ್ದೆ ಹಾರಿತು. ಆ ಕಾಲದ ಕಾರಿಗೆ ಕೀಲಿ ಎಂದರೆ ಹೆಸರಿಗೆ ಮಾತ್ರ. ಯಾವ ಪೆಟ್ಟಿಗೆಯ ಕೀಲಿ ಹಾಕಿ ತಿರುವಿದರೂ ಹ್ಞೂಂ ಅನ್ನುತ್ತಿತ್ತು. ಅದಕ್ಕೇ ನೀವು ಹಳೆಯ ರೇಡಿಯೋದಿಂದ ಒಂದು ಸಣ್ಣ ಸ್ವಿಚ್ಚು ಕಿತ್ತಿರಿ. ಎಂಜಿನ್ನಿಗೆ ಕಿಡಿ ಕೊಡುವ ಕಾಯಿಲ್ ಇದೆಯಲ್ಲ, ಅದಕ್ಕೆ ಹೋಗುವ ತಂತಿಯನ್ನು ಕತ್ತರಿಸಿ ಎರಡೂ ತುದಿಗಳನ್ನು ಸ್ವಿಚ್ಚಿಗೆ ಕಟ್ಟುವುದು. ಸ್ವಿಚ್ಚು ಕೆಳಗೆ ಮಾಡಿಟ್ಟರೆ ಎಂಜಿನ್ನು ಗರಗರ ತಿರುಗುತ್ತದೆ, ಹೊತ್ತಿಕೊಳ್ಳುವುದಿಲ್ಲ. ಅದನ್ನು ಸ್ಟೇರಿಂಗಿನ ಪಕ್ಕದಲ್ಲಿ ಸಾಮಾನಿಡುವ ಖಾನೆಯ ಹಿಂದೆ, ಯಾರ ಕಣ್ಣಿಗೂ ಬೀಳದ ಕಡೆ ಕೂಡಿಸಲು ಹೋದರೆ ನಿಮ್ಮ ದಪ್ಪ ಕೈ ಒಳಗೆ ಹಿಡಿಸಲಿಲ್ಲ. ಮೆಟ್ರಿಕ್ ಮುಗಿಸಿ ಮನೆಯಲ್ಲಿದ್ದ ನನ್ನನ್ನು ಕರೆದಿರಿ. ಸ್ಕ್ರೂ ತಿರುವಿದವಳು ನಾನು, ತಂತಿ ಸುತ್ತಿದವಳು ನಾನು.

“ನಾಗೂ, ಇದು ನನಗ ಗೊತ್ತು, ನಿನಗ ಗೊತ್ತು. ನಿನ್ನ ತಮ್ಮಗೂ ಹೇಳಬ್ಯಾಡ, ನಿಮ್ಮವ್ವಗೂ ಹೇಳಬ್ಯಾಡ” ಎಂದಿರಿ. ಹೇಳಲಿಲ್ಲ. ಆ ವರ್ಷವೇ ನನಗೆ ಓಡಿಸುವುದನ್ನೂ ಕಲಿಸಿದಿರಿ. ಪಸ್ತಾಪುರದ ದಾರಿಯಲ್ಲಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕಾರು ಓಡಿಸುವ ಹುಡುಗಿಯನ್ನು ನೋಡಲು ಹೊಲದಲ್ಲಿದ್ದವರು ಕಳೆ ಕೀಳುವುದನ್ನು ಬಿಟ್ಟು ಎದ್ದು ನಿಲ್ಲುತ್ತಿದ್ದರು. ನೀವು ಪಕ್ಕದಲ್ಲಿ ಕೂತು ಮೀಸೆ ತಿರುವುತ್ತಿದ್ದಿರಿ. ಆ ಮೀಸೆಯನ್ನು ನಾನು ಎಷ್ಟು ನಂಬಿದ್ದೆ!

ನಮ್ಮ ಓಣಿಯ ವೀರಭದ್ರಪ್ಪ ಮಾವ ಮಗನ ಮದುವೆಗೆ ಕಾರು ಕೇಳಲು ಬಂದದ್ದು ಮರೆಯುವಂಥದ್ದೇ? ಮದುವೆಗೆ ಗಾಡಿ ಕೇಳಿದವರಿಗೆ ಇಲ್ಲ ಅನ್ನುವುದು ನಮ್ಮ ಕಡೆ ಆಗದ ಮಾತು. ಇಲ್ಲ ಅಂದರೆ ಮೊಮ್ಮಕ್ಕಳ ಕಾಲದವರೆಗೂ ಮಾತು ಬಿಡುತ್ತಾರೆ. ಕೊಟ್ಟರೋ, ಮೆರವಣಿಗೆ ಮುಗಿಯುವಷ್ಟರಲ್ಲಿ ಕಾರಿನ ಒಂದೊಂದು ಅಂಗವೂ ಸಡಿಲ. ನೀವು ನಗುನಗುತ್ತಾ ಕೀಲಿ ಕೈಗಿತ್ತಿರಿ: “ತಗೋರಿ ಮಾವಾ, ನಿಮ್ದೇ ಗಾಡಿ ಅದ, ಕೇಳೋದೇನದ!” ಅಷ್ಟರಲ್ಲಿ ನಾನು ಖಾನೆಯ ಹಿಂದೆ ಕೈ ಹಾಕಿ ಬಂದಾಗಿತ್ತು. ಚೆಂಡುಹೂವಿನ ಮಾಲೆ ಕಟ್ಟಿಸಿಕೊಂಡ ಕಾರು ಗರ್ ಅಂದಿತು, ಮತ್ತೆ ಗರ್ ಅಂದಿತು, ಅಷ್ಟೇ. “ನಿನ್ನಿ ತನಕ ಛಲೋ ಇತ್ತಲ್ರಿ! ಇವತ್ತೇ ಖರಾಬ್ ಆಗ್ಬೇಕಾ?” ಎಂದು ನೀವು ಹಣೆ ಬಡಿದುಕೊಂಡಿರಿ. ಮದುವೆಮನೆಯವರೆಲ್ಲ ಸೇರಿ ಓಣಿಯ ತುದಿಯವರೆಗೆ ನೂಕಿದರು. ನೀವೂ ಭುಜ ಕೊಟ್ಟಿರಿ. ಆಮೇಲೆ ಎಲ್ಲರಿಗೂ ಚಹಾ. ನಾನು ಅಡುಗೆಮನೆಯಲ್ಲಿ ಸೆರಗು ಬಾಯಿಗೆ ತುರುಕಿಕೊಂಡು ನಕ್ಕೆ. ಅದು ನಮ್ಮಿಬ್ಬರ ಆಟವಾಗಿತ್ತು, ಯಾರು ಕೇಳಲು ಬಂದರೂ ಅದೇ ಆಟ.

ತಾಂಡೂರಿನಿಂದ ಇಂಟರ್ವ್ಯೂಗೆ ಕರೆ ಬಂದ ದಿನ ನೀವು ನನಗಿಂತ ಹೆಚ್ಚು ಖುಷಿಪಟ್ಟಿರಿ. ಹಾಗೆಂದು ನಾನು ತಿಳಿದಿದ್ದೆ. ನೆಲಕ್ಕೆ ಹಾಸುವ ಕಲ್ಲು ಕೊಯ್ಯುವ ಕಾರ್ಖಾನೆಯ ಆಫೀಸು. ಟೈಪು ಬರಬೇಕು, ಕನ್ನಡ, ತೆಲುಗು, ಉರ್ದು ಮೂರರಲ್ಲೂ ಟೆಲಿಫೋನಿನಲ್ಲಿ ಮಾತಾಡಲು ಬರಬೇಕು. ನನಗಾಗಿಯೇ ಮಾಡಿಟ್ಟಂತಿತ್ತು ಆ ನೌಕರಿ. ಹೆಣ್ಣುಮಕ್ಕಳಿಗೆ ಇರಲು ಕೋಣೆಯನ್ನೂ ಅವರೇ ಕೊಡುವವರಿದ್ದರು. ಬೆಳಗಿನ ಬಸ್ಸಿಗೆ ಹೋಗುತ್ತೇನೆ ಎಂದೆ. “ಬಸ್ಸಿಗ್ಯಾಕ ಹೋಗ್ತಿ? ಧೂಳಾಗಿ ಸೀರಿ ಮಾಸ್ತದ. ನಮ್ಮ ಗಾಡಿ ಅದ, ನೀನೇ ಓಡಿಸ್ಕೊಂಡು ನಡಿ. ನಾ ಬಾಜೂಕ ಕೂಡ್ತೀನಿ” ಎಂದಿರಿ. ಕಲ್ಲಿನ ಕಂಪನಿಯ ಮುಂದೆ ನಾನೇ ಕಾರಿನಿಂದ ಇಳಿಯುವುದನ್ನು ನೆನೆದು ರಾತ್ರಿಯೆಲ್ಲ ಹಿಗ್ಗಿದ್ದೆ.

ಆ ಬೆಳಿಗ್ಗೆ ಬಸ್‌ಸ್ಟ್ಯಾಂಡಿನ ಕಡೆಯಿಂದ ತಾಂಡೂರಿಗೆ ಬೆಳಗ್ಗೆ ಇದ್ದ ಒಂದೇ ಬಸ್ಸಿನ ಹಾರ್ನ್ ಕೇಳಿಸಿದಾಗ ನಾವಿನ್ನೂ ಚಹಾ ಕುಡಿಯುತ್ತಿದ್ದೆವು. ನೀವು ಇನ್ನೊಂದು ಬಸಿ ಚಹಾ ಕೇಳಿದಿರಿ. ಅವ್ವ ಬುತ್ತಿಯ ಡಬ್ಬಿಯನ್ನು ಹಿಂದಿನ ಸೀಟಿನಲ್ಲಿಟ್ಟು ಬಂದಳು. ನಾನು ಹೋಗಿ ಖಾನೆಯ ಹಿಂದಿನ ಸ್ವಿಚ್ಚನ್ನು ನನ್ನ ಕೈಯಾರೆ ಮೇಲೆ ಮಾಡಿ ಕೀಲಿ ತಿರುವಿದೆ. ಗರ್ ಅಂದಿತು. ಮತ್ತೆ ತಿರುವಿದೆ. ಸ್ವಿಚ್ಚು ನೋಡಿದೆ, ಮೇಲೇ ಇತ್ತು. ನೀವು ಬಾನೆಟ್ ಎತ್ತಿ ಇಣುಕಿ, “ಕಾಯಿಲ್ ಸುಟ್ಟಾದ, ನಾಗೂ” ಎಂದಿರಿ. ನಿಮ್ಮ ಮಾತಿನ ಮೇಲೆ ನಾನು ಒಳಗೆ ಕೈ ಕೂಡ ಹಾಕಲಿಲ್ಲ. ನೀವು ಕೋಟು ತೆಗೆದಿಟ್ಟು ನೂಕಲು ನಿಂತಿರಿ. ರೈಲ್ವೆ ಗೇಟಿನವರೆಗೂ ನೂಕಿದಿರಿ ಅಪ್ಪಾ! ಅಂಗಿ ಬೆನ್ನಿಗೆ ಅಂಟಿತ್ತು. ನಿಮ್ಮ ಎದೆಗೇನಾದರೂ ಆದೀತು ಎಂದು ನಾನೇ “ಸಾಕ್ರಿ ಅಪ್ಪಾ, ಸಾಕು” ಎಂದು ಕೂಗಿ ನಿಲ್ಲಿಸಿದೆ.

ಹೈದರಾಬಾದಿನಿಂದ ಹೊಸ ಕಾಯಿಲ್ ತರಿಸಿ ಹಾಕಿದೆ ಎಂದು ನೀವು ಹೇಳಿದ್ದು ಅದರ ಮರುವಾರ. ಕಾರ್ಖಾನೆಯವರು ಅಷ್ಟರಲ್ಲಿ ಬೇರೆ ಹುಡುಗಿಯನ್ನು ತಗೊಂಡಾಗಿತ್ತು. ಮನೂರಿನವರು ನನ್ನನ್ನು ನೋಡಿ ಹೋದರು, ಮದುವೆಯಾಯಿತು. ಗಂಡನ ಮನೆಗೆ ಕಳಿಸುವ ದಿನ ಅದೇ ಕಾರು ಒಂದೇ ಏಟಿಗೆ ಹೊತ್ತಿಕೊಂಡಿತು. ನೀವೇ ಓಡಿಸಿದಿರಿ, ನಾನು ಬಾಸಿಂಗ ಕಟ್ಟಿಕೊಂಡು ಹಿಂದಿನ ಸೀಟಿನಲ್ಲಿ ಕೂತಿದ್ದೆ. ನಿಮ್ಮ ಅಳಿಯ ಒಳ್ಳೆಯ ಮನುಷ್ಯ, ಆ ಮಾತು ಬೇರೆ. ತೊಗರಿ, ಜೋಳ, ಎಮ್ಮೆ, ಮಕ್ಕಳು, ಬದುಕು ನಡೆದಿದೆ. ಆದರೂ ಅತ್ತೆಮನೆಯಲ್ಲಿ ಯಾರಾದರೂ ತಮ್ಮ ತಂದೆಯ ದೊಡ್ಡಸ್ತಿಕೆ ಹೇಳಿದರೆ, ನಾನು ಒಂದೇ ಮಾತು ಹೇಳುತ್ತಿದ್ದೆ: ನನ್ನ ಅಪ್ಪ ನನ್ನ ನೌಕರಿಗಾಗಿ ಕಾರು ನೂಕಿದ ಮನುಷ್ಯ.

ನಿನ್ನೆ ಎಡೆಯ ಊಟವಾದ ಮೇಲೆ ತಮ್ಮ ಕರೆದ. ಹಳೆಯ ಕಾರು ಕೊಳ್ಳುವ ಶೋಕಿಯವರೊಬ್ಬರು ನೋಡಲು ಬರುವವರಿದ್ದಾರಂತೆ. “ಅಕ್ಕಾ, ಬ್ಯಾಟ್ರಿ ಹೊಸಾದು ಹಾಕೀನಿ, ಆದ್ರೂ ಚಾಲೂ ಆಗವಲ್ದು. ಇದರ ಗುಟ್ಟು ನಾಗೂಗ ಗೊತ್ತದ ಅಂತ ಅಪ್ಪ ಹೇಳಿ ಹೋಗ್ಯಾನ” ಎಂದ. ನನಗೆ ಎಷ್ಟು ಹೆಮ್ಮೆಯಾಯಿತು ಗೊತ್ತೇ? ಖಾನೆಯ ಹಿಂದೆ ಕೈ ಹಾಕಿ ಸ್ವಿಚ್ಚು ಮೇಲೆ ಮಾಡಿದೆ. ಗರ್ ಅಂದಿತು, ಹೊತ್ತಲಿಲ್ಲ. ತಂತಿಯ ಜಾಡು ಹಿಡಿದು ಹೋದರೆ ನಾನು ಕಟ್ಟದ ಒಂದು ಗಂಟು ಸಿಕ್ಕಿತು. ಅಲ್ಲಿಂದ ತಂತಿ ಕಾಲಿನ ಚಾಪೆಯ ಕೆಳಗೆ ಹರಿದು ಹಿಂದಿನ ಸೀಟಿನ ಅಡಿಗೆ ಹೋಗಿತ್ತು. ಅಲ್ಲೊಂದು ಸ್ವಿಚ್ಚು. ಅದನ್ನೂ ಮೇಲೆ ಮಾಡಿದೆ, ಕಾರು ಹೊತ್ತಿಕೊಂಡಿತು. ಮೊದಲು ನಕ್ಕೆ; ಅಪ್ಪ ಎಂಥ ಜಾಣ ಎಂದುಕೊಂಡೆ. ಬಾನೆಟ್ ಮುಚ್ಚಲು ಹೋದಾಗ ಕಾಯಿಲ್ ಕಂಡಿತು. ಮೊದಲ ಸ್ವಿಚ್ಚು ಕೂಡಿಸಿದ ದಿನ ನನ್ನ ಸ್ಕ್ರೂಡ್ರೈವರ್ ಜಾರಿ ಬಿದ್ದಿದ್ದ ಗೀರು ಅದರ ಮೇಲೆ ಹಾಗೇ ಇತ್ತು. ಆ ಕಾಯಿಲ್ ಯಾವತ್ತೂ ಸುಟ್ಟಿರಲಿಲ್ಲ, ಬದಲಾಗಿಯೂ ಇರಲಿಲ್ಲ.

ಅವ್ವ ಜಗಲಿಯಲ್ಲಿ ತೊಗರಿ ಹಸನು ಮಾಡುತ್ತಿದ್ದಳು. “ಹಿಂದಿನ ಸೀಟಿನ ಕೆಳಗಿಂದು ಯಾವಾಗ ಹಾಕಿದ್ರು ಅವ್ವಾ?” ಎಂದೆ. ಮೊರದಲ್ಲಿದ್ದ ಕೈ ನಿಂತಿತು.

“ತಾಂಡೂರಿನ ಕರೆ ಬಂದ ಮ್ಯಾಲ ನೀ ಕೊಹೀರಿಗೆ ನಿಮ್ಮ ಚಿಗವ್ವನ ಮನಿಗೆ ಹೋಗಿದ್ದಿ ನೋಡು, ಆವಾಗ. ನಿಮ್ಮಪ್ಪನೇ ಹಾಕಿದ್ರು.”

“ಯಾಕ?”

“ಮನೂರವ್ರು ನೋಡಾಕ ಬರೋರಿದ್ರವಾ. ಹುಡುಗಿ ಪರಊರಾಗ ಒಬ್ಬಾಕೇ ಇದ್ದು ನೌಕರಿ ಮಾಡ್ತಾಳಂದ್ರ ಬರೋದಿಲ್ಲ ಅಂದಿದ್ರು. ಮೊದಲಿಂದು ನಿನಗ ಗೊತ್ತಿತ್ತಲ್ಲ, ಅದಕ್ಕ ಎರಡನೇದು ಹಾಕಿದ್ರು. ನಿಮ್ಮಪ್ಪ ಕಾರಿನ ಹತ್ರ ಹೋದ್ರ ನಿನಗ ಸಂಶಯ ಬರ್ತದಂತ, ಡಬ್ಬಿ ಇಡಾಕ ಹೋದಾಗ ಅದನ್ನ ಕೆಳಗ ಮಾಡು ಅಂತ ನನಗ ಹೇಳಿದ್ರು. ಮಾಡಿದೆ.”

ಅಷ್ಟು ಹೇಳಿ ಅವ್ವ ಮತ್ತೆ ತೊಗರಿ ಕೇರತೊಡಗಿದಳು. ಅವಳ ಮೇಲೂ ಸಿಟ್ಟಿದೆ, ಅವಳಿಗೇ ಹೇಳುತ್ತೇನೆ. ಆದರೆ ಆ ಕೆಲಸವನ್ನು ಅವಳ ಕೈಯಿಂದ ಮಾಡಿಸಬೇಕಿತ್ತೇ ಅಪ್ಪಾ? ನನ್ನ ರೊಟ್ಟಿಯ ಡಬ್ಬಿ ಇಡುವ ನೆಪದಲ್ಲಿ?

ನೀವು ಬೇಡ ಎಂದಿದ್ದರೆ ನಾನೇನು ಮಾಡುತ್ತಿದ್ದೆ? ಊಟ ಬಿಡುತ್ತಿದ್ದೆ, ಮಾತು ಬಿಡುತ್ತಿದ್ದೆ, ಬಾಗಿಲು ಧಡಾರನೆ ಹಾಕಿಕೊಳ್ಳುತ್ತಿದ್ದೆ. ಗೆಲ್ಲುತ್ತಿದ್ದೆನೋ ಸೋಲುತ್ತಿದ್ದೆನೋ. ಸೋತಿದ್ದರೂ ಯಾರಿಗೆ ಸೋತೆ ಎಂದಾದರೂ ತಿಳಿದಿರುತ್ತಿತ್ತು. ಇಷ್ಟು ವರ್ಷ ನಾನು ಒಂದು ಕಾಯಿಲನ್ನು ಶಪಿಸಿದೆ, ನನ್ನ ನಸೀಬನ್ನು ಶಪಿಸಿದೆ. ವೀರಭದ್ರಪ್ಪ ಮಾವನಿಗೆ ಇಲ್ಲ ಅನ್ನಲಾಗದ್ದಕ್ಕೆ ಆ ನಾಟಕ ಸರಿ, ಆತ ಹೊರಗಿನವ. ಮಗಳಿಗೂ ಅದೇ ನಾಟಕವೇ? ಅದೇ ಕೀಲಿ, ಅದೇ ನಗು, ಅದೇ ಭುಜ. ನಾನು ನಿಮ್ಮ ಪಾಲಿಗೆ ಸೆರಗಿನಲ್ಲಿ ನಗು ಅಡಗಿಸಿದ ಜತೆಗಾತಿ ಎಂದುಕೊಂಡಿದ್ದೆ. ನೂಕುವವರ ಸಾಲಿಗೆ ನನ್ನನ್ನು ಯಾವಾಗ ಸೇರಿಸಿದಿರಿ? ಕೊನೆಗಾಲದಲ್ಲಿ ತಮ್ಮನಿಗೆ ನನ್ನ ಹೆಸರು ಹೇಳಿದಿರಲ್ಲ, ಎರಡನೆಯದರ ವಿಷಯ ಮರೆತಿದ್ದಿರಾ? ಅಥವಾ ಅದು ನನ್ನ ಕೈಗೆ ಸಿಗಲಿ ಎಂದೇ...

ಇವತ್ತು ಬೆಳಿಗ್ಗೆ ಆ ಎರಡನೆಯ ಸ್ವಿಚ್ಚನ್ನು ಕಿತ್ತು ಹಾಕಿದೆ. ತಂತಿಯ ತುದಿಗಳನ್ನು ಜೋಡಿಸಿ ಬಿಗಿಯಾಗಿ ಸುತ್ತಿದೆ. ತಮ್ಮನಿಗೆ ಎಲ್ಲವನ್ನೂ ಹೇಳಿದರೆ, ಅವನು “ಅಪ್ಪ ಭಾಳ ಹುಷಾರ್ ಇದ್ದ ಬಿಡು ಅಕ್ಕಾ” ಎಂದು ನಕ್ಕ. ಕೆನ್ನೆಗೆ ಬಾರಿಸುವಷ್ಟು ಸಿಟ್ಟು ಬಂತು. ಕೀಲಿ ಕಿತ್ತುಕೊಂಡು ಒಬ್ಬಳೇ ತಾಂಡೂರಿನ ರಸ್ತೆಯಲ್ಲಿ ಹೊರಟೆ. ಕೊಹೀರ್ ದಾಟಿದ ಮೇಲೆ ತಾಂಡೂರಿನಲ್ಲಿ ಈಗ ನನಗೇನು ಕೆಲಸ ಅನ್ನಿಸಿ ತಿರುಗಿಸಿಕೊಂಡು ಬಂದೆ. ಕಾರನ್ನು ತಮ್ಮ ಮಾರಿಕೊಳ್ಳಲಿ, ನನಗೆ ಬೇಡ.

ನಿಮಗೆ ಗೊತ್ತೇ ಇಲ್ಲದ ಒಂದು ಸುದ್ದಿ ಹೇಳಿ ಮುಗಿಸುತ್ತೇನೆ. ಕಾರು ಕೆಟ್ಟ ದಿನ ಮಧ್ಯಾಹ್ನ ನೀವು ಕಟ್ಟೆಯ ಮೇಲೆ ತಲೆಯ ಮೇಲೆ ಕೈ ಹೊತ್ತು ಕೂತಿದ್ದಿರಿ. ನಿಮ್ಮ ಮುಖ ನೋಡಲಾಗದೆ ನೀರು ತಂದುಕೊಟ್ಟು, “ಹೋಗ್ಲಿ ಬಿಡ್ರಿ ಅಪ್ಪಾ, ನನಗೂ ಆ ನೌಕರಿ ಮ್ಯಾಲ ಅಷ್ಟು ಮನಸಿರಲಿಲ್ಲ” ಎಂದೆ. ನೀವು ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಿರಿ. ಬಂದ ನೆಂಟರಿಗೆಲ್ಲ, ಮನೂರಿನ ಬೀಗರಿಗೂ, “ನಮ್ಮ ನಾಗೂಗೇ ನೌಕರಿ ಬೇಕಿರಲಿಲ್ಲ” ಎಂದು ಹೇಳುತ್ತಾ ಬಂದಿರಿ. ಅದನ್ನು ನಂಬಿಕೊಂಡೇ ಹೋಗಿರಬೇಕು ನೀವು. ಅದು ನಿಮ್ಮ ಸಮಾಧಾನಕ್ಕೆ ಹೇಳಿದ ಮಾತಾಗಿತ್ತು. ನೀವು ಹಿಂದಿನಿಂದ ನೂಕುತ್ತಿದ್ದಾಗ ನಾನು ಸ್ಟೇರಿಂಗ್ ಹಿಡಿದುಕೊಂಡು ಅಳುತ್ತಿದ್ದೆ. ನನಗೆ ಆ ನೌಕರಿ ಬೇಕಿತ್ತು ಅಪ್ಪಾ.

ನಾಗವೇಣಿ