ಅಳತೆಗೆ ಸರಿ ಬಂದ ಚೈನು

ವಾಡಿ,
ಸೋಮವಾರ, 9-2-1976

ಪ್ರೀತಿಯ ಮಗಳು ಶಹರಬಾನುಗೆ, ನಿನ್ನ ಅಬ್ಬಾ ಮಜೀದಸಾಬನ ಮನಸಾರೆ ದುವಾ.

ಇಲ್ಲಿ ನಾನೂ ನಿನ್ನ ಅಮ್ಮಾನೂ ಖುಷಾಲಾಗಿದ್ದೇವೆ. ನಿನ್ನ ತಬಿಯತ್ತು ಹೇಗಿದೆ? ಕಾಲಿನ ಬಾವು ಇಳಿಯಿತೇ? ಹಾಲು ಕುಡಿಯುತ್ತೀಯೋ, ಇಲ್ಲಾ ಚಿಕ್ಕಂದಿನ ಹಾಗೆ ಬೆಕ್ಕಿಗೆ ಹಾಕಿ ಖಾಲಿ ಬಟ್ಟಲು ತೋರಿಸುತ್ತೀಯೋ? ನಿನಗೆ ಪುಂಡಿಪಲ್ಯೆ ತಿನ್ನುವ ಆಸೆಯಾಗಿದೆ ಎಂದು ಬರೆದಿದ್ದೆಯಲ್ಲ, ಅದನ್ನು ಓದಿದ ದಿನದಿಂದ ನಿನ್ನ ಅಮ್ಮಾ ಮನೆಯಲ್ಲಿ ಬೇರೆ ಪಲ್ಯೆಯನ್ನೇ ಮಾಡಿಲ್ಲ. ನೀನು ಅಲ್ಲಿ ಆಸೆಪಡುವುದು, ನಾನು ಇಲ್ಲಿ ತಿನ್ನುವುದು! ಈ ಕಾಗದವನ್ನು ಬೇಕೆಂದೇ ಕನ್ನಡದಲ್ಲಿ ಬರೆಯುತ್ತಿದ್ದೇನೆ. ನಿನ್ನ ಮಾವನವರಿಗೆ ಉರ್ದು ಬಿಟ್ಟು ಬೇರೆ ಓದಲು ಬರುವುದಿಲ್ಲ. ಅವರು ಓದಬಾರದ ಮಾತು ಇದರಲ್ಲಿ ಭಾಳ ಇವೆ.

ಏನು ಬರೆದಿದ್ದಾರೆ ನೋಡು ನಿನ್ನ ಮಾವ ಗುಲಾಮ್ ರಸೂಲ್ ಸಾಹೇಬರು! ಸೊಸೆಗೆ ಈ ವಾರ ದಾಟಿದರೆ ಎಂಟು ತಿಂಗಳು ತುಂಬುತ್ತದಂತೆ, ಆಮೇಲೆ ಚಿಂಚೋಳಿಯಿಂದ ಹೊರಗೆ ಕಳಿಸುವುದಿಲ್ಲವಂತೆ. ಬಸ್ಸಿನಲ್ಲಂತೂ ಕಳಿಸುವ ಮಾತೇ ಇಲ್ಲವಂತೆ. ಇದೆಲ್ಲ ಒಪ್ಪುತ್ತೇನೆ, ಆ ರಸ್ತೆಯಲ್ಲಿ ಬಸ್ಸು ಹಾರುವುದನ್ನು ನಾನೂ ಕಂಡವನೇ. ಆದರೆ ಕೊನೆಗೊಂದು ಸಾಲು ಸೇರಿಸಿದ್ದಾರೆ: ನಿಮ್ಮ ಮೋಟಾರು ನಿಜವಾಗಿ ಚಿಂಚೋಳಿ ಮುಟ್ಟುವಂತಿದ್ದರೆ ಶನಿವಾರದೊಳಗೆ ಬಂದು ಕರೆದೊಯ್ಯಿರಿ, ಇಲ್ಲದಿದ್ದರೆ ಹೆರಿಗೆ ಇಲ್ಲೇ ಆಗಲಿ. ಮುಟ್ಟುವಂತಿದ್ದರೆ! ರೈಲಿನ ಶೆಡ್ಡಿನಲ್ಲಿ ಮೂವತ್ತೊಂದು ವರ್ಷ ಫಿಟ್ಟರ್ ಆಗಿದ್ದವನಿಗೆ ಈ ಮಾತು! ಚೊಚ್ಚಲ ಹೆರಿಗೆಗೆ ಮಗಳನ್ನು ತವರಿಗೆ ಕರೆತರಲಾರದ ಅಪ್ಪ ಎಂದು ಇಡೀ ಬಳಗದಲ್ಲಿ ನನ್ನ ಹೆಸರು ಹೇಳಬೇಕೇ? ಅದೇ ಸಿಟ್ಟಿನಲ್ಲಿ ಕಾರ್ಡು ಬರೆದು ಹಾಕಿಬಿಟ್ಟೆ: ಶನಿವಾರ ಬರುತ್ತೇನೆ, ಗಾಡಿ ತಯಾರಿದೆ.

ಗಾಡಿ ತಯಾರಿರಲಿಲ್ಲ ಮಗಳೇ. ನಮ್ಮ ಅಂಬಾಸಡರಿನ ಆ ಕರಕರ ಸಪ್ಪಳ ನಿನಗೆ ಗೊತ್ತೇ ಇದೆ. ರಾವೂರಿನ ತಿರುವಿನಲ್ಲೇ ಅದು ಕೇಳಿ ನೀನು ಚಹಾಕ್ಕೆ ನೀರು ಇಡುತ್ತಿದ್ದೆ. ಎಂಜಿನ್ನಿನ ಮುಂದೆ, ಮುಚ್ಚಳದ ಒಳಗೆ, ಹಲ್ಲಿನ ಚಕ್ರಗಳೆರಡನ್ನು ಕೂಡಿಸಿ ತಿರುಗಿಸುವ ಟೈಮಿಂಗ್ ಚೈನಿನ ಸಪ್ಪಳ ಅದು. ಹನ್ನೆರಡು ವರ್ಷ ಓಡಿ ಸಡಿಲಾಗಿದೆ. ಸ್ಟೇಷನ್ನಿಗೆ ಹೋಗಿಬರಲು ಅಡ್ಡಿಯಿಲ್ಲ, ಆದರೆ ಸೇಡಂ ದಾಟಿದ ಮೇಲೆ ಆ ಚೈನು ಒಂದೆರಡು ಹಲ್ಲು ಜಾರಿತೆಂದರೆ ಗಾಡಿ ನಿಂತಲ್ಲೇ ನಿಂತೀತು, ಒಳಗೆ ನೀನಿರುತ್ತೀ. ಚಿತ್ತಾಪುರದ ಮೇಸ್ತ್ರಿ ಎಂಜಿನ್ ಇಳಿಸಬೇಕು, ಹದಿನೈದು ದಿನ ಬೇಕು ಎಂದ. ಚೈನು ಬದಲಿಸಲು ಎಂಜಿನ್ ಯಾಕೆ ಇಳಿಸಬೇಕು? ಸುಳ್ಳುಬುರುಕ! ಸಾಮಾನು ತಂದು ನಾನೇ ಹಾಕುತ್ತೇನೆ ಎಂದು ಹೇಳಿ ಎದ್ದು ಬಂದೆ.

ಸಾಮಾನು ಆರಿಸುವುದು ಎಂದರೆ ಈಗಿನವರಿಗೆ ಡಬ್ಬಿಯ ಮೇಲಿನ ಬಣ್ಣ ನೋಡುವುದು. ನಾನು ಹಾಗೆ ಮಾಡುವವನಲ್ಲ. ಗಾಡಿ ಬಿಚ್ಚಿ, ಹಳೆಯ ಚೈನನ್ನು ಬಟ್ಟೆಯಲ್ಲಿ ಸುತ್ತಿ, ಕಬ್ಬಿಣ ಉಜ್ಜುವ ಕಾನಸನ್ನು ಜೇಬಿನಲ್ಲಿಟ್ಟುಕೊಂಡು ಶಹಾಬಾದಿನ ಅಂಗಡಿಗೆ ಹೋದೆ. ಚೈನಿನ ಜೊತೆ ಬದಲಿಸಬೇಕಿದ್ದ ಹೊಸ ಚಕ್ರದ ಹಲ್ಲಿಗೆ ಮೊದಲು ಕಾನಸು ಹಚ್ಚಿ ನೋಡಿದೆ. ಒಳ್ಳೆಯ ಉಕ್ಕಾದರೆ ಕಾನಸು ಜಾರುತ್ತದೆ, ಹಲಕಾ ಮಾಲಾದರೆ ಕಚ್ಚುತ್ತದೆ. ಅಂಗಡಿಯವ, “ಸಾಹೇಬ್ರ, ಮಾರೋ ಮಾಲಿಗಿ ಕಾನಸ ಹಚ್ಚಬ್ಯಾಡ್ರಿ” ಎಂದು ಕೂಗಾಡಿದ. ಕೂಗಾಡಲಿ! ಕಚ್ಚಿದ ಎರಡನ್ನು ಅವನ ಮುಂದೆಯೇ ಸರಿಸಿ ಮೂರನೆಯದನ್ನು ತೆಗೆದುಕೊಂಡೆ. ಎಣ್ಣೆ ಸೋರದಂತೆ ತಡೆಯುವ ರಬ್ಬರಿನ ಬಳೆಯನ್ನು ಉಗುರಿನಿಂದ ಒತ್ತಿ, ಗೀರು ಬೀಳದ್ದನ್ನೇ ಆರಿಸಿದೆ. ಕೊನೆಗೆ ಚೈನು. ಗೋಡೆಯ ಮೊಳೆಗೆ ಹಳೆಯದನ್ನೂ ಹೊಸದನ್ನೂ ಜೋಡಿಯಾಗಿ ತೂಗುಹಾಕಿ, ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲದೆ ಸರಿ ಬಂದದ್ದನ್ನೇ ತಂದೆ. ಇದಕ್ಕಿಂತ ಹೆಚ್ಚು ಯಾರು ನೋಡುತ್ತಾರೆ ಹೇಳು?

ಎರಡು ದಿನ ಗಾಡಿಯ ಮುಂದೆ ಕುಳಿತು ಹಾಕಿದೆ. ಚಕ್ರಗಳ ಮೇಲಿನ ಗುರುತಿನ ಚುಕ್ಕೆಗೆ ಚುಕ್ಕೆ ಎದುರುಬದುರು ಕೂಡಿಸಿ, ಮುಚ್ಚಳ ಬಿಗಿದು, ಬಿಸ್ಮಿಲ್ಲಾ ಎಂದು ಚಾಲೂ ಮಾಡಿದರೆ, ಮತ್ತೆ ಅದೇ ಕರಕರ! ನನ್ನ ಸಿಟ್ಟು ನೆತ್ತಿಗೇರಿತು. ಮತ್ತೆ ಬಿಚ್ಚಿದೆ, ಮತ್ತೆ ಹಾಕಿದೆ, ಮತ್ತೆ ಅದೇ. ನಟ್ಟು ಬಿಚ್ಚುವ ಪಾನಾ ಎತ್ತಿ ಅಂಗಳಕ್ಕೆ ಎಸೆದದ್ದು ಕೋಳಿಗೆ ತಾಗುವುದರಲ್ಲಿತ್ತು. ನಿನ್ನ ಅಮ್ಮಾ ಒಳಗಿನಿಂದ ಬಂದು ಕೋಳಿಯನ್ನು ಎತ್ತಿಕೊಂಡು, ಏನಾಯಿತು, ಹೇಗೆ ತಂದಿರಿ, ಒಂದೊಂದೇ ಹೇಳಿ ಎಂದಳು. ಹೇಳಿದೆ. ಮೊಳೆಗೆ ತೂಗುಹಾಕಿದ ಮಾತು ಬಂದಾಗ ನನ್ನನ್ನು ತಡೆದಳು.

“ಬಾವಿ ಹಗ್ಗಾ ತರುವಾಗ ಹಳೇ ಹಗ್ಗದ ಅಳತಿ ಎಂದಾದ್ರೂ ಹಿಡೀತೀವೇನ್ರಿ? ಎಳದೆಳದು ಅದು ಉದ್ದ ಆಗಿರ್ತದ. ಹನ್ನೆರಡು ವರ್ಷ ಓಡಿದ್ದು, ಮೊನ್ನಿ ತಂದದ್ದು, ಎರಡೂ ಒಂದೇ ಉದ್ದ ಹ್ಯಾಂಗ ಆಗ್ತಾವ?” ಎಂದಳು.

ಆಗ ನನಗೆ ತಿಳಿಯಿತು. ಆ ನಾಲಾಯಕ್ ಅಂಗಡಿಯವ ಯಾರದೋ ಗಾಡಿಯಿಂದ ಬಿಚ್ಚಿದ ಚೈನನ್ನು ಸೀಮೆಎಣ್ಣೆಯಲ್ಲಿ ತೊಳೆದು, ಎಣ್ಣೆ ಸವರಿ ನನಗೆ ದಾಟಿಸಿದ್ದ! ಬಸುರಿ ಹೆಣ್ಣುಮಗಳು ಕೂಡುವ ಗಾಡಿ ಎಂದು ಹೇಳಿಯೇ ಕೇಳಿದ್ದೆ. ಆದರೂ ಕೊಟ್ಟನಲ್ಲ! ಇವರಿಗೆ ಹೆಂಡಿರು ಮಕ್ಕಳಿಲ್ಲವೇ? ಇನ್ನು ಆ ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ, ಹತ್ತಿದರೆ ನನ್ನ ಹೆಸರು ಮಜೀದಸಾಬ ಅಲ್ಲ ಎಂದು ಆಣೆ ಮಾಡಿದೆ. “ನೀವು ಹತ್ತಬ್ಯಾಡ್ರಿ, ನಾ ಹತ್ತತೀನಿ” ಎಂದು ನಿನ್ನ ಅಮ್ಮಾ ಬುರ್ಖಾ ಹಾಕಿಕೊಂಡು, ಎರಡೂ ಚೈನುಗಳನ್ನು ಚೀಲಕ್ಕೆ ಹಾಕಿ ಮುಂಜಾನೆಯ ಪ್ಯಾಸೆಂಜರಿಗೆ ಹೊರಟೇಬಿಟ್ಟಳು. ಅಂಗಡಿಯವನ ಮುಂದೆ ನಿಂತು, “ಸರೀ ಬರೋದು ಬ್ಯಾಡ, ಇದಕ್ಕಿಂತ ಗಿಡ್ಡಂದು ಕೊಡ್ರಿ” ಎಂದಳಂತೆ. ಇವಳಿಗೆ ಸ್ಪ್ಯಾನರ್ ಯಾವುದು, ಸೌಟು ಯಾವುದು ಎಂದು ಗೊತ್ತಿಲ್ಲ ಎಂದು ಮೂವತ್ತು ವರ್ಷ ನಗುತ್ತ ಬಂದವನು ನಾನು.

ತಂದ ಚೈನನ್ನು ನಿನ್ನೆ ಹಾಕಿದೆ. ಮೊಳೆಗೆ ತೂಗುಹಾಕಿ ನೋಡಿದ್ದೆ; ಹಳೆಯದಕ್ಕಿಂತ ಎರಡು ಜೋಳದ ಕಾಳಿನಷ್ಟು ಗಿಡ್ಡ ಇತ್ತು. ಕುರಕುಂಟಾದವರೆಗೆ ಓಡಿಸಿಕೊಂಡು ಹೋಗಿ ಬಂದೆ. ಶುಕ್ರವಾರದ ನಮಾಜು ಮುಗಿಸಿ, ಶನಿವಾರ ಬೆಳಗಾಗುತ್ತಲೇ ಹೊರಡುತ್ತೇವೆ. ನಿನ್ನ ಅಮ್ಮಾನೂ ಬರುತ್ತಾಳೆ, ಹಿಂದಿನ ಸೀಟಿಗೆ ಎರಡು ಗಾದಿ ಹಾಕಿಸಿದ್ದಾಳೆ. ಅಳಿಯಂದಿರಿಗೆ ನನ್ನ ದುವಾ, ನಿನ್ನ ಅತ್ತೆಯವರಿಗೆ ಸಲಾಮು. ಮಾವನವರಿಗೂ ಸಲಾಮು ಹೇಳು, ಹೇಳದೆ ಇರಬೇಡ. ಅಲ್ಲಾಹ್ ನಿನ್ನನ್ನೂ ನಿನ್ನ ಹೊಟ್ಟೆಯಲ್ಲಿರುವ ಕೂಸನ್ನೂ ತಂಪಾಗಿಟ್ಟಿರಲಿ.

ನಿನ್ನ ದಾರಿಯನ್ನೇ ಕಾಯುತ್ತಿರುವ,
ಅಬ್ಬಾ

ತಾ.ಕ.: ಟಪಾಲಿನ ಹೊತ್ತಾಯಿತು, ಆದರೆ ಮೇಲೆ ಒಂದು ಮಾತು ನುಂಗಿದ್ದೇನೆ. ಆ ಅಂಗಡಿಯವ ಮೊದಲು ನನ್ನ ಮುಂದೆ ಇಟ್ಟದ್ದು ಡಬ್ಬಿಯಲ್ಲಿದ್ದ ಎರಡು ಹೊಸ ಚೈನುಗಳನ್ನೇ. ಹಳೆಯದರ ಪಕ್ಕಕ್ಕೆ ಹಿಡಿದಾಗ ಅವು ಗಿಡ್ಡ ಕಂಡವು. “ಹೊಸಾವು ಹಂಗೇ ಇರ್ತಾವ್ರಿ ಸಾಹೇಬ್ರ” ಎಂದ. “ಡೂಪ್ಲಿಕೇಟ್ ಕೊಟ್ಟು ಯಾರಿಗಿ ಟೋಪಿ ಹಾಕಾಕತ್ತೀದಿ? ನನಗ ಕಲಿಸಾಕ ಬರತೀಯೇನು?” ಎಂದು ನಾಲ್ಕು ಜನರೆದುರು ಅವನ ಬಾಯಿ ಮುಚ್ಚಿಸಿ, ಸರಿ ಬರುವುದೇ ಬೇಕೆಂದು ಹಠ ಹಿಡಿದೆ. ಆಗ ಅವನು ಕೆಳಗಿನ ಪೆಟ್ಟಿಗೆಯಿಂದ ಅದನ್ನು ತೆಗೆದದ್ದು. ಹಳೆಯದೆಂದು ಹೇಳದೆ ಕೊಟ್ಟದ್ದು ಅವನ ತಪ್ಪು. ಆದರೆ ಆರಿಸಿದವನು ನಾನು. ನಿನ್ನನ್ನು ಆ ಚೈನಿನ ಮೇಲೆ ಕೂಡಿಸಿ ತರಲು ಹೊರಟವನೂ ನಾನೇ. ಅಂಗಡಿಯವ ನಿನ್ನ ಅಮ್ಮಾನಿಗೆ ಎಲ್ಲವನ್ನೂ ಹೇಳಿ ಕಳಿಸಿದ್ದ. ಅವಳು ಮನೆಗೆ ಬಂದು ಅದರ ಸುದ್ದಿಯನ್ನೇ ಎತ್ತಲಿಲ್ಲ. ನಾನು ಹಾಕಿ ಮುಗಿಸಿ, ಎಂಜಿನ್ ಚಾಲೂ ಆದ ಮೇಲೆ, “ಕೈ ತೊಳಕೊಂಡು ಊಟಕ್ಕ ಬರ್ರಿ” ಎಂದಳು, ಅಷ್ಟೇ. ಊಟ ಮಾಡುವಾಗ ನಾನೇ ಬಾಯಿಬಿಟ್ಟು ಒಪ್ಪಿಕೊಂಡೆ; ಅವಳಿಗೆ ಮೊದಲೇ ಗೊತ್ತಿತ್ತೆಂದು ನನಗೆ ತಿಳಿದದ್ದು ಆಗಲೇ. ಇದನ್ನು ನಿನ್ನ ಮಾವನವರಿಗೆ ಮಾತ್ರ ಹೇಳಬೇಡ. ಇನ್ನೊಂದು: ಶನಿವಾರ ಗಾಡಿಯ ಸಪ್ಪಳ ಕೇಳಿದ ಮೇಲೆ ಚಹಾಕ್ಕೆ ಇಟ್ಟರಾಯಿತು ಎಂದು ಒಳಗೆ ಕೂತಿರಬೇಡ. ಈ ಸಲ ಸಪ್ಪಳ ಬರುವುದಿಲ್ಲ. ಬಾಗಿಲ ಕಡೆ ನೋಡುತ್ತಿರು.