ಗೋಡೆಯ ಮೇಲೆ ಎರಡು ಚುಕ್ಕಿ

ಜೂನ್ ೯, ಭಾನುವಾರ

ಪ್ರೀತಿಯ ಚಿನಕುರಳಿಗೆ,

ಅಮ್ಮನ ಮುತ್ತುಗಳು. ನೀನು ಪ್ರಶ್ನೆ ಕೇಳಿ ತಿಂಗಳಾಗುತ್ತ ಬಂತು, ಉತ್ತರ ಈಗ ಬರುತ್ತಿದೆ. ಬೈಯಬೇಡ. ಪೆನ್ನು ಹುಡುಕುವುದರಲ್ಲೇ ಅರ್ಧ ದಿನ ಹೋಯಿತು. ಅದು ನಿಮ್ಮಪ್ಪನ ಜೇಬಿನಲ್ಲೇ ಇತ್ತು, ಅವರೂ ನನ್ನ ಜೊತೆ ಮಂಚದ ಕೆಳಗೆಲ್ಲ ಬಗ್ಗಿ ಹುಡುಕಿದರು. ಈ ಕಾಲದಲ್ಲಿ ಕಾಗದ ಯಾಕೆ ಅಂತ ನಗಲೂ ಬೇಡ. ಉತ್ತರ ಉದ್ದವಿದೆ.

"ಅಮ್ಮಾ, ನಂಗೆ ಒಂದು ಪುಟ ಓದೋಷ್ಟು ಹೊತ್ತೂ ಮನಸ್ಸು ನಿಲ್ಲಲ್ಲ. ನೀನು ದಿನವಿಡೀ ಬಾಟ್ಲಿ ನೋಡ್ಕೊಂಡು ಹೇಗೆ ಕೂತ್ಕೋತೀಯ? ಗುಟ್ಟು ಹೇಳು" ಅಂತ ಕೇಳಿದ್ದೆಯಲ್ಲ, ಅದನ್ನು ಓದಿ ನನಗೆ ಕೊಂಬು ಮೂಡಿತ್ತು. ಕಾಲೇಜು ಓದುವ ಮಗಳು ನನ್ನಿಂದ ಪಾಠ ಕೇಳುತ್ತಿದ್ದಾಳೆ ಅಂತ ಫ್ಯಾಕ್ಟರಿಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿದೆ. ಮಾರನೇ ದಿನವೇ ಕೊಂಬು ಮುರಿಯಿತು.

ನೀನು ನಮ್ಮ ವಿಭಾಗದ ಒಳಗೆ ಬಂದು ನೋಡಿದವಳಲ್ಲ, ಅದಕ್ಕೆ ಮೊದಲು ಕೆಲಸ ಏನು ಅಂತ ಹೇಳುತ್ತೇನೆ. ಕೆಮ್ಮಿನ ಔಷಧಿ ತುಂಬುವ ಖಾಲಿ ಬಾಟಲಿಗಳು ಬೆಲ್ಟಿನ ಮೇಲೆ ಸಾಲಾಗಿ ಬರುತ್ತವೆ. ಹಿಂದೆ ಬಿಳಿ ಬೆಳಕಿನ ಹಲಗೆ, ಮುಂದೆ ಕುರ್ಚಿಯಲ್ಲಿ ನಾನು. ಬಿರುಕು ಬಿಟ್ಟದ್ದು, ಗಾಜಿನ ಚೂರು ಬಿದ್ದದ್ದು ಕಂಡರೆ ತೆಗೆದು ಕೆಂಪು ಟ್ರೇಗೆ ಹಾಕಬೇಕು. ಒಂದು ತಪ್ಪಿದರೆ ಆ ಚೂರು ಯಾವುದೋ ಮಗುವಿನ ಹೊಟ್ಟೆಗೆ ಹೋಗುತ್ತದೆ. ಆ ಕುರ್ಚಿಯಲ್ಲಿ ಕೂತಾಗ ನನಗೆ ನನ್ನ ಮೇಲೇ ಗೌರವ ಬರುತ್ತದೆ ಕಣೇ, ಇದನ್ನು ನಿನಗೆ ಯಾವತ್ತೂ ಹೇಳಿರಲಿಲ್ಲ.

ಆಗಾಗ ಕಂಪನಿಯವರೇ ಗುರುತು ಹಾಕಿದ ಕೆಟ್ಟ ಬಾಟಲಿಗಳನ್ನು ಸಾಲಿಗೆ ಸೇರಿಸಿ ನಮ್ಮನ್ನು ಪರೀಕ್ಷೆ ಮಾಡುತ್ತಾರೆ. ಈ ಸಲ ನನ್ನ ಕಣ್ಣು ತಪ್ಪಿಸಿಕೊಂಡು ಹೋದದ್ದು ಒಂದಲ್ಲ, ಎರಡಲ್ಲ. ಸೂಪರ್‌ವೈಸರ್ ನನ್ನನ್ನು ಪಕ್ಕಕ್ಕೆ ಕರೆದು, "ಅಕ್ಕಾ, ನಿಮ್ಮ ಗಮನ ಎಲ್ಲೋ ಹೋಗ್ತಿದೆ. ಏಕಾಗ್ರತೆ ತರಬೇತಿ ಇಟ್ಟಿದ್ದಾರೆ, ಸೇರ್ಕೊಳ್ಳಿ. ಮುಗಿದ್ಮೇಲೆ ಇನ್ನೊಂದು ಪರೀಕ್ಷೆ. ಅದ್ರಲ್ಲೂ ಹೀಗಾದ್ರೆ ಕುರ್ಚಿ ಬೇರೆಯವ್ರಿಗೆ ಕೊಡ್ಬೇಕಾಗತ್ತೆ" ಅಂದ. ಮನೆಗೆ ಬಂದು ಬಚ್ಚಲಲ್ಲಿ ನಲ್ಲಿ ತಿರುಗಿಸಿಟ್ಟು ಅತ್ತೆ. ಬಕೆಟ್ ತುಂಬಿ ಹರಿದು ಬಾಗಿಲಾಚೆ ಬಂದಾಗ ನಿಮ್ಮಪ್ಪ ಪೈಪ್ ಒಡೆದಿದೆ ಅಂತ ಪ್ಲಂಬರನ್ನು ಕರೆಸಿದರು.

ತರಬೇತಿಯ ಮೇಷ್ಟ್ರು ಬಹಳ ಮೆತ್ತಗಿನ ಮನುಷ್ಯ. ಕಣ್ಣು ಮುಚ್ಚಿ, ಮನಸ್ಸಿನಲ್ಲಿ ಒಂದು ಕೆರೆ ನೋಡಿ ಅಂದರು. ಪಕ್ಕದಲ್ಲಿದ್ದ ಲಾರಿ ಲೋಡರ್ ಕೆರೆ ಕಾಣುವ ಮೊದಲೇ ಗೊರಕೆ ಶುರು ಮಾಡಿದ. ಉಸಿರು ಎಣಿಸಿ ಅಂದರು. ನಾನು ಎಣಿಸುತ್ತ ಎಣಿಸುತ್ತ ಈರುಳ್ಳಿ ಮುಗಿದಿದೆ ಅನ್ನುವಲ್ಲಿಗೆ ಹೋಗಿ ತಲುಪಿದ್ದೆ. ಮನೆಯಲ್ಲಿ ಇದನ್ನೆಲ್ಲ ಹೇಳಿದ್ದೇ ತಪ್ಪಾಯಿತು. ಪಾತ್ರೆ ತೊಳೆಯಿರಿ ಅಂದರೆ ನಿಮ್ಮಪ್ಪ ಈಗ "ಶ್, ಉಸಿರು ಎಣಿಸ್ತಿದ್ದೀನಿ" ಅನ್ನುತ್ತಾರೆ. ಬಸ್ ಓಡಿಸುವಾಗ ಕೆರೆ ಮಾತ್ರ ನೋಡಬೇಡಿ ಅಂತ ದಿನಾ ಹೇಳಿ ಕಳಿಸುತ್ತೇನೆ.

ಆಮೇಲೆ ಚುಕ್ಕಿಯ ದಿನ ಬಂತು. ಗೋಡೆಯ ಮೇಲೆ ಕರೀ ಚುಕ್ಕಿ ಅಂಟಿಸಿ, ಅದೊಂದನ್ನೇ ನೋಡುತ್ತ ಕೂರಿ, ಏನನಿಸಿತು ಅಂತ ಹೇಳಿ ಅಂದರು. ನನ್ನ ಸರದಿ ಬಂದಾಗ ಇದ್ದದ್ದು ಇದ್ದ ಹಾಗೆ ಹೇಳಿದೆ.

"ಸಾರ್, ನಂಗೆ ಎರಡು ಚುಕ್ಕಿ ಕಾಣ್ತಿವೆ."

ಮೇಷ್ಟ್ರು ಹತ್ತಿರ ಬಂದರು. "ಎಷ್ಟು ಹೊತ್ತಿಂದ?"

"ಕೂತಾಗಿಂದ್ಲೂ."

"ನೋಡಿ, ನೋಡಿ! ವರ್ಷಗಟ್ಟಲೆ ಅಭ್ಯಾಸ ಮಾಡಿದ್ರೂ ಕೆಲವ್ರಿಗೆ ಈ ಹಂತ ಸಿಗಲ್ಲ" ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನನ್ನು ಮೊದಲ ಸಾಲಿನಲ್ಲಿ ಕೂರಿಸಿದರು. ಎರಡು ದಿನ ನನ್ನ ಕಾಲು ನೆಲದ ಮೇಲಿರಲಿಲ್ಲ.

ನೆಲಕ್ಕಿಳಿಸಿದವಳು ಪಕ್ಕದ ಕುರ್ಚಿಯ ಪಟಪಟಕ್ಕ. ಅವಳ ಬಾಯಿಗೆ ಬೀಗವಿಲ್ಲ ಅಂತ ನಾವಿಟ್ಟ ಹೆಸರು ಅದು. ಕ್ಯಾಂಟೀನಿನಲ್ಲಿ ನನ್ನ ಬಲಗಣ್ಣನ್ನು ತನ್ನ ಅಂಗೈಯಿಂದ ಮುಚ್ಚಿ, "ಏನಿದು?" ಅಂತ ಚಮಚ ಹಿಡಿದಳು.

"ಎರಡು ಚಮಚ. ಎರಡೂ ಮಸುಕು."

ಎಡಗಣ್ಣು ಮುಚ್ಚಿದಳು. "ಈಗ?"

"ಒಂದು."

"ಅಯ್ಯೋ ಮಹಾತಾಯಿ, ನಿನ್ನ ಹಂತ ಇರೋದು ಎಡಗಣ್ಣಲ್ಲಿ! ನಡಿ ಡಾಕ್ಟ್ರ ಹತ್ರ" ಅಂತ ಅವತ್ತೇ ಎಳೆದುಕೊಂಡು ಹೋದಳು.

ಕಣ್ಣಿಗೆ ಪೊರೆ ಬಂದಿದೆಯಂತೆ. ಈ ವಯಸ್ಸಿಗೇ ಯಾಕೆ ಅಂತ ಕೇಳಿದೆ. ಕೆಲವರಿಗೆ ಬೇಗ ಬರುತ್ತದಮ್ಮ, ಚಿಕ್ಕ ಆಪರೇಷನ್, ಸಂಜೆಗೆ ಮನೆಗೆ ಹೋಗಬಹುದು ಅಂದರು ಡಾಕ್ಟರು. ಇಪ್ಪತ್ತೆಂಟನೇ ತಾರೀಖು ಕೊಟ್ಟಿದ್ದಾರೆ. ಚಿಕ್ಕದೋ ದೊಡ್ಡದೋ, ಕಣ್ಣಿಗೆ ಕತ್ತರಿ ಅಂದರೆ ಭಯವೇ ಕಣೇ. ಆದರೆ ಸಮಾಧಾನವೂ ಆಯಿತು ನೋಡು. ನನ್ನ ಮನಸ್ಸು ಎಲ್ಲೂ ಓಡಿ ಹೋಗಿರಲಿಲ್ಲ, ಪಾಪ, ಕುರ್ಚಿಯಲ್ಲೇ ಇತ್ತು. ಸೂಪರ್‌ವೈಸರ್ ಕೆನ್ನೆ ಕೆರೆದುಕೊಂಡು, ಕಣ್ಣು ಸರಿಯಾದ ಮೇಲೆ ಪರೀಕ್ಷೆ ಕೊಡಿ, ಪಾಸಾದರೆ ಕುರ್ಚಿ ನಿಮ್ಮದೇ ಅಂದಿದ್ದಾನೆ. ಮೇಷ್ಟ್ರು ಮಾತ್ರ ಪೊರೆ ಬೇರೆ, ಹಂತ ಬೇರೆ ಅಂತ ಪಟ್ಟು ಹಿಡಿದಿದ್ದಾರೆ. ಅಲ್ಲಿಯವರೆಗೆ ನಾನು ರಟ್ಟಿನ ಡಬ್ಬ ಮಡಚುವ ವಿಭಾಗದಲ್ಲಿದ್ದೇನೆ. ಅಲ್ಲಿ ಕಣ್ಣಿಗೆ ಕೆಲಸ ಕಡಿಮೆ, ಹರಟೆಯ ಬಾಯಿಗೆ ರಜೆಯೇ ಇಲ್ಲ.

ಈಗ ನೀನು ಕೇಳಿದ ಗುಟ್ಟು. ಬಾಟಲಿಯ ಹಿಂದೆ ಕಣ್ಣು ಓಡಿಸಬಾರದು. ಕಣ್ಣು ಒಂದೇ ಜಾಗದಲ್ಲಿರಬೇಕು, ಬಾಟಲಿ ತಾನಾಗಿ ಎದುರಿಗೆ ಬರುತ್ತದೆ. ಮೇಜಿನ ಮೇಲೆ ಒಂದೇ ಪುಸ್ತಕ ಇಟ್ಟುಕೋ, ಉಳಿದದ್ದೆಲ್ಲ ಮಂಚದ ಕೆಳಗೆ. ಮನಸ್ಸು ಹೋಗಿಯೇ ಹೋಗುತ್ತದೆ, ನನ್ನದೂ ಹೋಗುತ್ತದೆ. ಅದಕ್ಕೆ ಬೈಯುತ್ತ ಕೂರಬೇಡ. ತಪ್ಪಿಹೋದ ಬಾಟಲಿಯ ಕಡೆ ಕತ್ತು ತಿರುಗಿಸಿದರೆ ಅಷ್ಟರಲ್ಲಿ ಇನ್ನೂ ನಾಲ್ಕು ತಪ್ಪುತ್ತವೆ. ಮುಂದೆ ಬರುವುದನ್ನು ನೋಡು, ಸಾಕು. ಸುಸ್ತಾಗುವ ಮೊದಲೇ ಏಳು. ನಮ್ಮನ್ನು ಅರ್ಧ ಗಂಟೆಗೊಮ್ಮೆ ಎಬ್ಬಿಸುತ್ತಾರೆ, ನಾವೇನೂ ಸೋಮಾರಿಗಳಾಗಿಲ್ಲ. ಮತ್ತೆ ಯಾರೂ ಹೇಳದ ಒಂದು ಮಾತು: ಮನಸ್ಸಿಟ್ಟು ನೋಡಿದರೆ ಖಾಲಿ ಬಾಟಲಿಯೂ ಚೆಂದ. ನಿನ್ನ ಲೆಕ್ಕಶಾಸ್ತ್ರದಲ್ಲೂ ಎಲ್ಲೋ ಒಂದು ಚೆಂದ ಇದ್ದೇ ಇರುತ್ತದೆ.

ಪರೀಕ್ಷೆಯಲ್ಲಿ ನಿನ್ನ ಮನಸ್ಸು ನಿನ್ನ ಪಕ್ಕದಲ್ಲೇ ಕೂತಿರಲಿ, ಓದಿದ್ದೆಲ್ಲ ಕೇಳಿದ ತಕ್ಷಣ ಎದ್ದು ಬರಲಿ. ಹೊಟ್ಟೆ ತುಂಬ ತಿನ್ನು, ಕಣ್ಣು ತುಂಬ ನಿದ್ದೆ ಮಾಡು. ಅಪ್ಪನೂ ಆಶೀರ್ವಾದ ಮಾಡಿದ್ದಾರೆ, ಉಸಿರು ಎಣಿಸುವುದರ ನಡುವೆ.

ನಿನ್ನ
ಅಮ್ಮ

ಮತ್ತೊಂದು ಮಾತು: ಇದೆಲ್ಲ ಹೊಸ ಸುದ್ದಿ ಅಂದುಕೊಂಡೇ ಓದಿದೆಯಲ್ಲವಾ? ಅಲ್ಲ ಚಿನ್ನಾ. ಡಾಕ್ಟರ ಹತ್ತಿರ ಹೋಗಿ ಬಂದ ಸಂಜೆಯೇ ಫೋನ್ ಮಾಡಿ ಎಲ್ಲ ಹೇಳಿದ್ದೆ. ಪೊರೆ, ಆಪರೇಷನ್ನು, ತಾರೀಖು, ನನಗೆ ಭಯ ಆಗ್ತಿದೆ ಅಂತಲೂ. ನೀನು "ಹೂಂ ಅಮ್ಮ, ಹೂಂ ಅಮ್ಮ" ಅನ್ನುತ್ತಿದ್ದೆ, ಆ ಕಡೆಯಿಂದ ಏನೋ ಟಕಟಕ ಒತ್ತುವ ಸದ್ದು ಬರುತ್ತಿತ್ತು. ಕೊನೆಗೆ "ಸೂಪರ್ ಅಮ್ಮ, ಆಮೇಲೆ ಮಾಡ್ತೀನಿ" ಅಂತ ಫೋನ್ ಇಟ್ಟುಬಿಟ್ಟೆ. ಬೇಜಾರಾಯಿತು, ಬಹಳ. ಅಪ್ಪ ಎದುರಿಗೇ ಕೂತಿದ್ದರು. "ಏನಂದ್ಳು?" ಅಂತ ಕೇಳಿದರು. "ಪರೀಕ್ಷೆ ಮುಗಿಸಿ ಬರ್ತಾಳಂತೆ, ಆಸ್ಪತ್ರೆಗೆ ತಾನೇ ಕರ್ಕೊಂಡು ಹೋಗ್ತಾಳಂತೆ" ಅಂದುಬಿಟ್ಟೆ. ಅದನ್ನು ನಂಬಿ ಅವರು ಇಪ್ಪತ್ತೆಂಟಕ್ಕೆ ರಜೆ ಹಾಕಿಲ್ಲ.