ಬೈರಮ್ಮನ ಒಲೆಯ ಮುಂದೆ

ರಾಮನಾಥಪುರ, ಮಂಗಳವಾರ

ಚಿಕ್ಕಮ್ಮನಿಗೆ ಯಮುನಾಳ ನಮಸ್ಕಾರ.

ನೈಸರ್ಗಿಕ ಸಂಪನ್ಮೂಲ ಸಂರಕ್ಷಣೆಯಲ್ಲಿ ಪಿಎಚ್.ಡಿ. ಮಾಡಲೆಂದು ಈ ತಿಂಗಳು ಮೂರು ವಿಶ್ವವಿದ್ಯಾಲಯ ಸುತ್ತಿ ಸುಸ್ತಾಗಿದ್ದೇನೆ. ಕೊನೆಯದರ ಪ್ರೊಫೆಸರ್ ಸಂದರ್ಶನದ ಬದಲು ನನ್ನನ್ನು ಇಲ್ಲಿಗೆ ಕರೆತಂದು, ಒಲೆ ಉರಿಸಿ ಹೊಗೆಸೊಪ್ಪು ಒಣಗಿಸುವ ಬ್ಯಾರನ್ ಎಂಬ ಕಟ್ಟಡದ ಮುಂದೆ ಬಿಟ್ಟರು. ಪಕ್ಕದಲ್ಲಿ ಮನೆಯೆತ್ತರದ ಸೌದೆ ರಾಶಿ. ಐದು ದಿನ ಒಲೆ ಆರುವಂತಿಲ್ಲವಂತೆ. ಎಷ್ಟು ಮರ ಸುಡುತ್ತೀರಿ ಎಂದು ಒಲೆ ನೋಡಿಕೊಳ್ಳುವ ಬೈರಮ್ಮನನ್ನು ಕೇಳಿದೆ.

“ನಿನ್ನಂಗೆ ಓದೋರು ನಾಕು ಜನ ಬಂದು ಬರ್ಕೊಂಡೋದ್ರು ಕಣವ್ವ. ಸೌದೆ ಉಳ್ಸೋದೆಂಗೆ ಅಂತ ಒಬ್ರೂ ತಿರುಗಿ ಬಂದು ಯೇಳ್ನಿಲ್ಲ,” ಎಂದಳು.

ಸಂಜೆಯವರೆಗೂ ಅವಳ ಜೊತೆ ಸೌದೆ ಹೊತ್ತು ಹಾಕಿದೆ.

ಉತ್ತರ ಭಾರತದ ದೊಡ್ಡ ವಿಶ್ವವಿದ್ಯಾಲಯ ಸೀಟು ಕೊಟ್ಟಿದೆ, ನಿಜ. ಅಲ್ಲಿಂದ ಈ ಒಲೆಯನ್ನು ಉಪಗ್ರಹದ ಚಿತ್ರದಲ್ಲಷ್ಟೇ ನೋಡಬಹುದು. ಇಲ್ಲಿಯ ಪ್ರೊಫೆಸರ್ ಬಳಿ ಸೇರಿದರೆ ವರ್ಷ ವರ್ಷವೂ ಬೈರಮ್ಮನ ಮುಂದೆ ಬಂದು ನಿಲ್ಲಬೇಕು. ಅಲ್ಲಿಗೆ ಬರುವುದಿಲ್ಲವೆಂದು ಇವತ್ತು ಬರೆದುಬಿಟ್ಟೆ. ನಿನಗೆ ಬೇಸರವಾಗುತ್ತದೆ, ಗೊತ್ತು.

ಹೊಗೆಗೆ ಕಣ್ಣು ಉರಿಯುತ್ತಿದೆ, ಜ್ವರವೇನಿಲ್ಲ. ಅಲ್ಲಿಯ ಚಳಿಗೆಂದು ನೀನು ಹೆಣೆಯುತ್ತಿರುವ ಸ್ವೆಟರಿಗೆ ತೋಳು ಹಾಕಬೇಡ, ಇಲ್ಲಿಗೆ ಅಷ್ಟು ಬೇಕಾಗುವುದಿಲ್ಲ.

ಯಮುನಾ